ಹಳೇ ಕಾರಿನ ಮರ: ಉಜ್ಜುವ ಮುಂಚೆ ಇದನ್ನು ಓದಿ

ನಮ್ಮ ಮನೆಯ ಹಳೇ ಬೆಂಜ್‌ನಲ್ಲಿ ಗೇರ್ ಸುತ್ತ ಒಂದು ಮರದ ಪಟ್ಟಿ ಇದೆ. ಅದರ ಲ್ಯಾಕರ್, ಅಂದರೆ ಮೇಲಿನ ಹೊಳಪಿನ ಪಾರದರ್ಶಕ ಲೇಪ, ಬಿರುಕು ಬಿಟ್ಟಿತ್ತು, ಅಷ್ಟೇ. ಒಂದು ಭಾನುವಾರ ಬಿಚ್ಚಿ, ಸ್ಯಾಂಡಿಂಗ್ ಮೆಷಿನ್ ಹಿಡಿದು ಕೂತೆ. ಬಿರುಕು ಹೋಯಿತು ನಿಜ. ಜೊತೆಗೆ ಮರವೂ ಹೋಯಿತು. ಪಟ್ಟೆಪಟ್ಟೆ ಮರದ ನಡುವೆ ಹೆಬ್ಬೆರಳಿನಷ್ಟು ಬೋಳು ಜಾಗ, ಅಲ್ಲಿಂದ ಇಣುಕುವ ಬೇರೆ ಯಾವುದೋ ಹಲಗೆ.

ಹಳೇ ಕಾರಿನಲ್ಲಿ ಕಾಣುವ ಚಂದದ ಮರ ಸಾಮಾನ್ಯವಾಗಿ ಇಡೀ ಹಲಗೆಯಲ್ಲ, ಮೇಲೆ ಅಂಟಿಸಿದ ವಿನಿಯರ್, ಅಂದರೆ ಮರದ ತೆಳು ಹಾಳೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಎರಡು ವಿಸಿಟಿಂಗ್ ಕಾರ್ಡ್ ಜೋಡಿಸಿದಷ್ಟು. ಹಳೇ ಜಾಗ್ವಾರ್, ರೋಲ್ಸ್ ರಾಯ್ಸ್‌ಗಳಲ್ಲಿ ಅಕ್ರೋಟ ಮರದ ಗಂಟಿನ ಭಾಗ ಬಳಸುತ್ತಿದ್ದರು. 1976ರಲ್ಲಿ ಬಂದ ಬೆಂಜ್ ಡಬ್ಲ್ಯು 123ರಲ್ಲಿ ಪಶ್ಚಿಮ ಆಫ್ರಿಕಾದ ಜೆಬ್ರಾನೊ ಎಂಬ ಪಟ್ಟೆಪಟ್ಟೆ ಮರ. ಎಷ್ಟೋ ಸಲ ಮೇಲಿನ ಲ್ಯಾಕರೇ ಮರಕ್ಕಿಂತ ದಪ್ಪ ಇರುತ್ತದೆ. ನಮಗೆ ತೆಗೆಯಬೇಕಾದ್ದು ಆ ಲ್ಯಾಕರನ್ನು ಮಾತ್ರ.

ಮೊದಲು ನಿಮ್ಮದು ನಿಜವಾದ ಮರವೇ ಅಂತ ನೋಡಿ. ಪಟ್ಟಿಯ ಅಂಚು, ಹಿಂಬದಿ ಪರೀಕ್ಷಿಸಿ. ಒಂದೇ ಡಿಸೈನ್ ಮತ್ತೆ ಮತ್ತೆ ಬಂದರೆ ಅದು ಪ್ಲಾಸ್ಟಿಕ್ ಮೇಲಿನ ಚಿತ್ರ. ಅಂಬಾಸಡರ್‌ಗೆ ಯಾರೋ ಆಮೇಲೆ ಅಂಟಿಸಿದ ಸ್ಟಿಕರ್ ಆದರೆ ಸೋಪು ನೀರು ಸಾಕು, ಮುಂದೆ ಓದಬೇಕಿಲ್ಲ.

ಕೆಲಸಕ್ಕೆ ಕೈ ಹಾಕುವುದು ಮೈಸೂರಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಒಳ್ಳೆಯದು. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ. ಕಾರಣ ಇಷ್ಟೇ.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಪ್ರತಿ ತುಂಡಿನ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ. ಸ್ಕ್ರೂಗಳಿಗೆ ನಾನು ಇಡ್ಲಿ ತಟ್ಟೆ ಬಳಸುತ್ತೇನೆ, ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ. ಹಳೇ ತಟ್ಟೆ ತಗೊಳ್ಳಿ, ಇಲ್ಲದಿದ್ದರೆ ಮನೆಯಲ್ಲಿ ಬೈಸಿಕೊಳ್ಳುತ್ತೀರಿ. ಹಳೇ ಪ್ಲಾಸ್ಟಿಕ್ ಕ್ಲಿಪ್‌ಗಳು ಬೆಳಗಿನ ಚಳಿಯಲ್ಲಿ ಪಟ್ ಅಂತ ಮುರಿಯುತ್ತವೆ. ಕಾರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ, ಆಮೇಲೆ ಎಳೆಯಿರಿ.

ಬಿಚ್ಚಿದ ತುಂಡುಗಳನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಎರಡನೇ ಸಲಕ್ಕೆ ಬಟ್ಟೆ ಬದಲಿಸಿ. ಇದನ್ನು ಬಿಟ್ಟರೆ ಕೊನೆಯಲ್ಲಿ ಅಳಬೇಕಾಗುತ್ತದೆ. ವರ್ಷಗಟ್ಟಲೆ ಹಚ್ಚಿದ ಡ್ಯಾಶ್‌ಬೋರ್ಡ್ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದು ಉಳಿದ ಕಡೆ ಹೊಸ ಲ್ಯಾಕರ್, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ, ಕೂರದೆ ಗುಳಿ ಬೀಳುತ್ತದೆ.

ಈಗ ನಿಜವಾದ ಕೆಲಸ. ಕಾಣದ ಮೂಲೆಯಲ್ಲಿ ಥಿನ್ನರ್ ಅದ್ದಿದ ಹತ್ತಿ ಇಟ್ಟು ಒಂದೆರಡು ನಿಮಿಷ ಕಾಯಿರಿ. ಅಂಟಂಟಾದರೆ ಅದು ಹಳೇ ಕಾಲದ ನೈಟ್ರೊಸೆಲ್ಯುಲೋಸ್ ಲ್ಯಾಕರ್. ನಿಮ್ಮ ಅದೃಷ್ಟ, ಥಿನ್ನರ್ ಹಚ್ಚಿ ನಿಧಾನಕ್ಕೆ ಕೆರೆದರೆ ಬರುತ್ತದೆ. ಏನೂ ಆಗದಿದ್ದರೆ ಪಾಲಿಯೆಸ್ಟರ್ ಇರಬಹುದು, ಗಾಜಿನ ಹಾಗೆ ಗಟ್ಟಿ. ಅದಕ್ಕೆ ಹೀಟ್ ಗನ್ ಬೇಕು. ಗನ್ ಒಂದೇ ಕಡೆ ನಿಲ್ಲಬಾರದು, ಜಾಸ್ತಿ ಬಿಸಿಯಾದರೆ ವಿನಿಯರ್‌ನ ಅಂಟೇ ಬಿಟ್ಟುಕೊಳ್ಳುತ್ತದೆ. ಮೊಂಡು ಸ್ಕ್ರೇಪರ್‌ನಿಂದ ಮರದ ಎಳೆಗಳ ದಿಕ್ಕಿಗೆ ತಳ್ಳಿ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಗ್ಲೌಸ್ ಹಾಕಿಕೊಂಡು ಅಂಗಳದಲ್ಲಿ ಮಾಡಿ. ಥಿನ್ನರ್ ಮತ್ತು ಹೀಟ್ ಗನ್ ಒಂದೇ ಹೊತ್ತಿಗೆ ಹತ್ತಿರ ಸುಳಿಯಬಾರದು.

ಉಳಿದ ಚೂರುಪಾರು ತೆಗೆಯಲು 240 ನಂಬರಿನ ಎಮೆರಿ ಪೇಪರ್, ಕೈಯಲ್ಲೇ. ಮೆಷಿನ್ ಬೇಡವೇ ಬೇಡ. ಅಂಚುಗಳನ್ನು ಮುಟ್ಟಿದೆಯೋ ಇಲ್ಲವೋ ಎನ್ನುವಷ್ಟು ಮಾತ್ರ ಉಜ್ಜಿ, ಮೊದಲು ತೂತಾಗುವುದು ಅಲ್ಲೇ.

ಎದ್ದಿರುವ ವಿನಿಯರ್ ಕೆಳಗೆ ಸಿರಿಂಜ್‌ನಿಂದ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟು ಬಿಡಿ, ಮೇಲೆ ಬಟರ್ ಪೇಪರ್ ಹಾಸಿ, ಮರದ ತುಂಡಿಟ್ಟು ಕ್ಲ್ಯಾಂಪ್ ಬಿಗಿಯಿರಿ, ಒಂದು ದಿನ ಮುಟ್ಟಬೇಡಿ. ಬಡಗಿಗಳು ಬಳಸುವ ಬಿಳಿ ಅಂಟು ಬೇಡ, ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಮೆತ್ತಗಾಗುತ್ತದೆ.

ವಿನಿಯರ್ ಕಿತ್ತೇ ಹೋಗಿದ್ದರೆ? ಇಲ್ಲಿ ಮೈಸೂರಿನವರಿಗೆ ಒಂದು ಅನುಕೂಲ ಇದೆ. ಅರಮನೆಯ ಬೀಟೆ ಬಾಗಿಲುಗಳ ಮೇಲಿನ ದಂತದ ಕುಸುರಿ ನೋಡಿದ್ದೀರಲ್ವಾ? ಆ ಇನ್‌ಲೇ ಕಸುಬು ಮಂಡಿ ಮೊಹಲ್ಲಾದ ಕಡೆ ಇವತ್ತಿಗೂ ಇದೆ. ದಂತ ಹೋಗಿ ಬೇರೆ ಬೇರೆ ಮರದ ತೆಳು ತುಂಡುಗಳು ಬಂದಿವೆ, ಕೈಚಳಕ ಅದೇ. ನನ್ನ ಬೋಳು ಜಾಗವನ್ನು ಅಲ್ಲಿನ ಕುಶಲಕರ್ಮಿಯೊಬ್ಬರಿಗೆ ತೋರಿಸಿದೆ. "ಮೆಷಿನ್ ಇಟ್ರಾ ಸಾರ್?" ಅಂದರು. ಮುಖ ನೋಡಿಯೇ ಗೊತ್ತಾಗಿರಬೇಕು. ನಾನು ಚೌಕವಾಗಿ ಕತ್ತರಿಸಬೇಕು ಅಂದುಕೊಂಡಿದ್ದೆ. ಅವರು ದೋಣಿಯಾಕಾರಕ್ಕೆ ಕತ್ತರಿಸಿದರು, ಎರಡೂ ತುದಿ ಚೂಪಾಗಿ, ಎಳೆಯ ಗುಂಟ. ಎಳೆಗೆ ಅಡ್ಡವಾಗಿ ಗೆರೆ ಬಂದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದಂತೆ. ಪಟ್ಟೆಗೆ ಪಟ್ಟೆ ಕೂಡಿಸಿದ ಮೇಲೆ ತೇಪೆ ಎಲ್ಲಿದೆ ಅಂತ ನಾನೇ ಹುಡುಕಬೇಕಾಯಿತು.

ಬಣ್ಣದ ವಿಷಯ. ಬಿಸಿಲು ಬಿದ್ದ ಕಡೆ ಮರ ಮಾಸಿರುತ್ತದೆ, ಚೌಕಟ್ಟಿನ ಅಡಿ ಮುಚ್ಚಿದ್ದ ಕಡೆ ಮೂಲ ಬಣ್ಣ ಉಳಿದಿರುತ್ತದೆ. ಅದನ್ನೇ ಮಾದರಿ ಮಾಡಿಕೊಳ್ಳಿ. ಒಣ ಮರದ ಬಣ್ಣ ನಂಬಬೇಡಿ. ಸ್ಪಿರಿಟ್‌ನಿಂದ ಒದ್ದೆ ಮಾಡಿ ನೋಡಿದರೆ ಲ್ಯಾಕರ್ ಬಿದ್ದ ಮೇಲೆ ಹೇಗೆ ಕಾಣುತ್ತದೆ ಅಂತ ತಿಳಿಯುತ್ತದೆ. ಮರಕ್ಕೆ ಬಣ್ಣ ಕೊಡುವ ಸ್ಟೈನ್ ತೆಳ್ಳಗೆ ಹಚ್ಚಿ, ಎಲ್ಲ ತುಂಡುಗಳಿಗೂ ಒಂದೇ ದಿನ.

ಕೊನೆಯ ಹೊಳಪಿಗೆ ಅರಗಿನ ಪಾಲಿಶ್ ಆಗಲ್ವಾ ಅಂತ ಕೇಳುವವರಿದ್ದಾರೆ. ನಮ್ಮೂರಿಗೂ ಅರಗಿಗೂ ಹಳೇ ನಂಟು. ಚುನಾವಣೆಯ ಅಳಿಸದ ಶಾಯಿ ಮಾಡುವ ಕಾರ್ಖಾನೆ 1937ರಲ್ಲಿ ಶುರುವಾಗಿದ್ದೇ ಅರಗಿನ ಕಾರ್ಖಾನೆಯಾಗಿ. ಆದರೆ ಅರಗು ಸುಮಾರು 75 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದರ ಹತ್ತಿರಕ್ಕೆ ಹೋಗಬಲ್ಲದು. ಕುರ್ಚಿಗೆ ಸರಿ, ಕಾರಿಗೆ ಬೇಡ.

ಕಾರಿಗೆ ಹೊಡೆಯುವ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಕ್ಲಿಯರ್ ಲ್ಯಾಕರ್ ಒಳ್ಳೆಯದು, ಒಂದು ಡಬ್ಬಿಯಲ್ಲಿ ಲ್ಯಾಕರ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಬಟ್ಟೆ ಮಾಸ್ಕ್‌ಗೆ ಅದು ಬಗ್ಗುವುದಿಲ್ಲ. ಸ್ಪ್ರೇ ಮಾಡುವ ಬೂತ್ ಇರುವ ಪೇಂಟರ್‌ಗೆ ಕೊಡಿ. ದಪ್ಪಗೆ ಎರಡು ಕೋಟ್ ಅಲ್ಲ, ತೆಳ್ಳಗೆ ಆರೇಳು ಬೇಕು ಅಂತ ಮೊದಲೇ ಹೇಳಿ. ನಡುವೆ 600ರ ಪೇಪರ್ ನೀರಿನಲ್ಲಿ ಅದ್ದಿ ಹಗುರಕ್ಕೆ ಉಜ್ಜಬೇಕು. ಮನೆಗೆ ತಂದು ಒಂದು ವಾರ ಸುಮ್ನೆ ಇಡಿ. ಆಮೇಲೆ 1500, 2000ರ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್.

ಜೋಡಿಸುವಾಗ ಸ್ಕ್ರೂ ಕೈಯಲ್ಲೇ ತಿರುಗಿಸಿ, ತಾಗಿದ ಕೂಡಲೇ ನಿಲ್ಲಿಸಿ. ಹೆಚ್ಚು ಬಿಗಿದರೆ ರಂಧ್ರದ ಸುತ್ತ ಲ್ಯಾಕರ್ ಸೀಳುತ್ತದೆ. ಇನ್ನು ಆ ಡ್ಯಾಶ್‌ಬೋರ್ಡ್ ಪಾಲಿಶ್ ಡಬ್ಬಿ ಗ್ಲವ್ ಬಾಕ್ಸ್‌ನಲ್ಲೇ ಇದ್ದರೆ ತೆಗೆದು ಯಾರಿಗಾದರೂ ಕೊಟ್ಟುಬಿಡಿ.