ಹೈಮಾಸ್ಟ್ ದೀಪ, ಕಾಲುಸಂಕ ಮತ್ತು ಆರನೇ ಸಹಿ

ಪಂಚಾಯತ್ ಸಭೆಯಲ್ಲಿ ನಾನು ಮೊದಲ ಸಲ ವಯಸ್ಸಾದವರ ಬಗ್ಗೆ ಮಾತಾಡಿದಾಗ ಎಲ್ಲರೂ ತಲೆ ಆಡಿಸಿದರು. ಆಗಲೇ ನನಗೆ ಗೊತ್ತಾಗಬೇಕಿತ್ತು, ಇದರಿಂದ ಏನೂ ಆಗುವುದಿಲ್ಲ ಅಂತ. ಅಧ್ಯಕ್ಷರು "ಒಳ್ಳೆಯ ವಿಷಯ ಹೇಳಿದಿರಿ ಅಕ್ಕ" ಎಂದರು. ಚಾ ಬಂತು. ಮುಂದಿನ ವಿಷಯಕ್ಕೆ ಹೋದೆವು.

2020ರ ಡಿಸೆಂಬರ್ ಚುನಾವಣೆಯಲ್ಲಿ ಉಡುಪಿ ತಾಲೂಕಿನ ಒಂದು ಗ್ರಾಮ ಪಂಚಾಯತಿಗೆ ನಾನು ಆರಿಸಿ ಬಂದೆ. ಈ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಆದರೆ ಯಾರು ಯಾವ ಪಕ್ಷ ಎಂದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. 17 ಸದಸ್ಯರಲ್ಲಿ ನಮ್ಮವರು ಐದೇ ಜನ. ಕೈ ಎತ್ತುವ ಲೆಕ್ಕಕ್ಕೆ ಬಂದರೆ ಯಾವತ್ತೂ ಸೋಲೇ.

ನನ್ನ ವಾರ್ಡಿನಲ್ಲಿ ಎರಡು ತರಹದ ಅಜ್ಜ ಅಜ್ಜಿಯರಿದ್ದಾರೆ. ಕೆಲವರ ಮಕ್ಕಳು ದುಬೈ, ಮಸ್ಕತ್, ಬೊಂಬಾಯಿಯಲ್ಲಿ. ದೊಡ್ಡ ಮನೆ, ದೊಡ್ಡ ಗೇಟು, ಸಿಸಿಟಿವಿ. ಅಮ್ಮ ಚಾವಡಿಯಲ್ಲಿ ಬಿದ್ದದ್ದು ಮೊದಲು ದುಬೈಗೆ ಗೊತ್ತಾಗುತ್ತದೆ, ಪಕ್ಕದ ಮನೆಗೆ ಆಮೇಲೆ. ಉಳಿದವರು ಬೀಡಿ ಕಟ್ಟಿ, ಮೀನು ಮಾರಿ, ಗದ್ದೆ ಕೆಲಸ ಮಾಡಿ ಬದುಕಿದವರು. ಅವರಿಗೆ ರಾಜ್ಯ ಸರಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಬಂದರೆ ಆ ತಿಂಗಳ ಮದ್ದು ಬಂದ ಹಾಗೆ.

ಎರಡನೇ ಸಭೆಯಲ್ಲಿ ನಾನು ಪಿಂಚಣಿ ಎತ್ತಿದೆ. ಅಧ್ಯಕ್ಷರು ನಗುತ್ತಲೇ ಹೇಳಿದರು: "ಅದು ಕಂದಾಯ ಇಲಾಖೆಯದ್ದು ಅಕ್ಕ, ನಮ್ಮದಲ್ಲ. ಮತ್ತೆ ಮೇಲೆ ಸರಕಾರದಲ್ಲಿ ಕೂತವರು ನಿಮ್ಮವರೇ ಅಲ್ವಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡುವುದು? ಮಾತು ಸುಳ್ಳಲ್ಲ. 65 ದಾಟಿದವರಿಗೆ ಈ ಪಿಂಚಣಿ 2007ರಲ್ಲಿ ಶುರುವಾಯಿತು. 2021ರಲ್ಲಿ ತಿಂಗಳಿಗೆ 1000 ಇದ್ದದ್ದು 1200 ಆಯಿತು. ದಿನಕ್ಕೆ 40 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದ ಕಥೆ ಇನ್ನೂ ಚಂದ. 60ರಿಂದ 79ರವರೆಗಿನವರಿಗೆ ದಿಲ್ಲಿಯ ಪಾಲು 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು. ಆಮೇಲೆ ಸರಕಾರ ಬದಲಾಯಿತು, ಆ 200 ಬದಲಾಗಲಿಲ್ಲ. ಇದರಲ್ಲಿ ಯಾವ ಪಕ್ಷದವರೂ ಎದೆ ತಟ್ಟಿಕೊಳ್ಳುವ ಹಾಗಿಲ್ಲ, ನನ್ನ ಪಕ್ಷವೂ ಸೇರಿ. ಇದನ್ನು ನಮ್ಮ ಪಕ್ಷದ ಸಭೆಯಲ್ಲಿ ಹೇಳಿದ್ದಕ್ಕೆ ಅಲ್ಲಿ ಚಾ ಕೂಡ ಬರಲಿಲ್ಲ.

ನಮ್ಮೂರಿನ ನಿವೃತ್ತ ಗುಮಾಸ್ತರೊಬ್ಬರು ಒಂದು ಸಂಜೆ ಕರೆದು ಬುದ್ಧಿ ಹೇಳಿದರು. "ಮಾತಾಡಿದ್ದು ಗಾಳಿಗೆ ಹೋಗ್ತದೆ ಮಾರಾಯ್ತಿ. ಬರೆದು ಕೊಡು. ಬರೆದದ್ದು ನಡಾವಳಿ ಪುಸ್ತಕಕ್ಕೆ ಹೋಗ್ತದೆ. ಪುಸ್ತಕದಲ್ಲಿ ಇದ್ದದ್ದಕ್ಕೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಉತ್ತರ ಕೊಡ್ಲೇಬೇಕು." ಅವತ್ತಿನಿಂದ ನಾನು ಒಂದು 200 ಪುಟದ ನೋಟ್‌ಬುಕ್ ಹಿಡಿದೆ. ಭಾನುವಾರ ಭಾನುವಾರ ಮನೆ ಮನೆಗೆ ಹೋದೆ. ಹೆಸರು, ವಯಸ್ಸು, ಮನೆಯಲ್ಲಿ ಯಾರಿದ್ದಾರೆ, ಪಿಂಚಣಿ ಬರ್ತದಾ, ನಿಂತದ್ದು ಯಾವಾಗ, ಡಾಕ್ಟರ ಹತ್ತಿರ ಹೋಗುವುದು ಹೇಗೆ. ಇಷ್ಟೇ ಬರೆದದ್ದು.

ಆ ನೋಟ್‌ಬುಕ್ಕೇ ನನ್ನನ್ನು ಒಮ್ಮೆ ಚೆನ್ನಾಗಿ ಕೆಡವಿತು. ಅದನ್ನೂ ಹೇಳಬೇಕು.

ಹೊಳೆಯ ಆಚೆ ಒಬ್ಬರು ಅಜ್ಜಿ. 70 ದಾಟಿದವರು, ಒಬ್ಬರೇ ಇರುವುದು. "14 ತಿಂಗಳಾಯ್ತು ಮಗಾ, ಒಂದು ಪೈಸೆ ಬರ್ಲಿಲ್ಲ" ಎಂದರು. ಪ್ಲಾಸ್ಟಿಕ್ ತೊಟ್ಟೆಯಿಂದ ಪಾಸ್‌ಬುಕ್ ತೆಗೆದು ತೋರಿಸಿದರು. ಎಲೆ ಅಡಿಕೆಯ ಕೆಂಪು ಕಲೆ, ಮೂಲೆ ಮಡಚಿದ ಪುಟ. ಬ್ಯಾಂಕು ಕೆನರಾ ಆಗಿ ವರ್ಷಗಳಾದರೂ ಅವರ ಬಾಯಲ್ಲಿ ಇನ್ನೂ ಸಿಂಡಿಕೇಟೇ. ನಿಜಕ್ಕೂ 14 ತಿಂಗಳಿಂದ ಏನೂ ಜಮೆ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಸಭೆಯಲ್ಲಿ ಮೇಜು ಕುಟ್ಟಿ ಕೇಳಿದೆ: "ಈ ಅಜ್ಜಿಯ ದುಡ್ಡು ತಿಂದವರು ಯಾರು?" ಮರುದಿನ ಪೇಪರಿನಲ್ಲಿ ಫೋಟೊ ಸಮೇತ ಬಂತು.

ಆಮೇಲೆ ಅಜ್ಜಿಯನ್ನು ಆಟೋದಲ್ಲಿ ಕೂರಿಸಿ ವಿಚಾರಿಸಲು ಹೋದೆ. ಹೆಬ್ಬೆಟ್ಟು ಒತ್ತುವ ಮಿಷನ್ ಮೂರು ಸಲ ಒಪ್ಪಲಿಲ್ಲ. ಹತ್ತಾರು ವರ್ಷ ಬೀಡಿ ಕಟ್ಟಿದ ಬೆರಳು, ಗೆರೆಗಳೇ ಸವೆದು ಹೋಗಿವೆ. ಅಜ್ಜಿ ಬೆರಳನ್ನು ಸೆರಗಿನಲ್ಲಿ ಒರೆಸಿದರು, ಬಾಯಿಂದ ಉಫ್ ಎಂದು ಊದಿದರು, ತಲೆಕೂದಲಿನ ಎಣ್ಣೆಗೆ ಸ್ವಲ್ಪ ತಾಗಿಸಿ ಮತ್ತೆ ಒತ್ತಿದರು. ನಾಲ್ಕನೇ ಸಲ ಹಸಿರು ದೀಪ ಬಂತು. ಪರದೆಯಲ್ಲಿ ಬೇರೆಯೇ ಖಾತೆ. ಹಿಂದೆ ಸಂಘದ ಸಾಲಕ್ಕೆಂದು ಅವರ ಹೆಸರಿನಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರಂತೆ. ಆಗ ಆಧಾರ್ ಅಲ್ಲಿಗೆ ಜೋಡಣೆಯಾಗಿದೆ. ಪಿಂಚಣಿ ಹೋಗುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. 16,800 ರೂಪಾಯಿ ಅಲ್ಲಿ ತಣ್ಣಗೆ ಕೂತಿತ್ತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕೇಳಿದ್ದು ಒಂದೇ ಮಾತು: "ತಿಂದವರು ಸಿಕ್ಕಿದ್ರಾ ಅಕ್ಕ?" ನಾನು ತಪ್ಪೊಪ್ಪಿಕೊಂಡೆ. ಅದನ್ನೂ ನಡಾವಳಿಯಲ್ಲಿ ಬರೆಸಿದೆ. ಪೇಪರಿನಲ್ಲಿ ಮಾತ್ರ ಅದು ಬರಲಿಲ್ಲ, ಬಿಡಿ.

ಆಮೇಲಿಂದ ಯಾರ ಪಿಂಚಣಿ ನಿಂತಿದೆ ಎಂದರೂ ಮೊದಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ನೋಡುತ್ತೇನೆ. ಅಲ್ಲಿ ಹಣ ಇಲ್ಲದಿದ್ದರೆ ಮಾತ್ರ ನಾಡಕಚೇರಿಗೆ ಅರ್ಜಿ. ಹಾಗೆ ಹೋದದ್ದರಲ್ಲಿ ಒಬ್ಬರು ಅಜ್ಜನ ಹೆಸರು ತೀರಿಹೋದವರ ಪಟ್ಟಿಯಲ್ಲಿತ್ತು. ಅವರನ್ನೇ ಕರೆದುಕೊಂಡು ಹೋಗಿ ಕೌಂಟರಿನ ಮುಂದೆ ನಿಲ್ಲಿಸಿದೆ. "ನಾನು ಸತ್ತದ್ದಕ್ಕೆ ಬೊಜ್ಜದ ಊಟ ಹಾಕಿದ್ದು ಯಾರು, ನಂಗೆ ಕರೀಲೇ ಇಲ್ಲ" ಎಂದರು. ಕೌಂಟರಿನ ಹುಡುಗಿ ನಗು ತಡೆಯಲಾಗದೆ ಎದ್ದು ಒಳಗೆ ಹೋದಳು.

ಇನ್ನು ಖರ್ಚಿನ ವಿಷಯ. ಪಂಚಾಯತಿಯ ಆ ವರ್ಷದ ಕ್ರಿಯಾಯೋಜನೆಯ ಪ್ರತಿ ಕೇಳಿದೆ. ನಾಳೆ ಬನ್ನಿ, ನಾಡಿದ್ದು ಬನ್ನಿ. ಸದಸ್ಯೆಯಾಗಿದ್ದುಕೊಂಡು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು ನಾಚಿಕೆಯ ಸಂಗತಿ, ಆದರೂ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಂತು, ಕೊನೆಯ ದಿನ.

ಅದನ್ನು ಊಟದ ಮೇಜಿನ ಮೇಲೆ ಹರಡಿ ಗೆರೆ ಎಳೆಯುತ್ತಾ ಓದಿದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಹೋಗಬೇಕಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ಉಳಿದ 40ರಲ್ಲಿ ಮಾತ್ರ ನಮ್ಮ ಆಯ್ಕೆ. ಆ 40 ಏನಾಯಿತು? ಹೈಮಾಸ್ಟ್ ದೀಪ. ದೇವಸ್ಥಾನದ ಎದುರು ಒಂದು, ಜಂಕ್ಷನ್ನಿನಲ್ಲಿ ಒಂದು, ಇನ್ನೊಂದು ಎಲ್ಲಿ ಎಂದು ಇನ್ನೂ ತೀರ್ಮಾನ ಆಗಿರಲಿಲ್ಲ. ದೀಪ ಮೊದಲು, ಜಾಗ ಆಮೇಲೆ. ಮತ್ತೆ ನೆಲಕ್ಕೆ ಹಾಸುವ ಇಂಟರ್‌ಲಾಕ್, ಅದಿಲ್ಲದೆ ನಮ್ಮ ಕಡೆ ಅಭಿವೃದ್ಧಿ ಆಗುವುದುಂಟಾ? ಹಿರಿಯರ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬಂದ ಪದ ಕಾಲುಸಂಕ, ಹೊಳೆ ದಾಟುವ ಕಿರುಸೇತುವೆ. ಹೊಳೆಯ ಆಚೆಯವರಿಗೆ ರೇಷನ್ನಿಗೂ ಮದ್ದಿಗೂ ಬಸ್ಸಿಗೂ ಅದೊಂದೇ ದಾರಿ. ಎರಡಡಿ ಅಗಲದ ಕಾಂಕ್ರೀಟ್, ಹಿಡಿಯಲು ಏನೂ ಇಲ್ಲ. ಮಳೆಗಾಲದಲ್ಲಿ ಪಾಚಿ. ಅಜ್ಜಿಯರು ಕುಕ್ಕುರುಕಾಲಲ್ಲಿ ಕೂತು ಕೂತು ದಾಟುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರಿಗೆ ಬಸ್ಸು ಉಚಿತ ಎಂದು ಇವರಿಗೂ ಖುಷಿ. ಆದರೆ ಅದು ಸರಕಾರಿ ಬಸ್ಸಿಗೆ ಮಾತ್ರ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು. ಸಂಕ ದಾಟಿ ಬಂದು ಟಿಕೇಟಿಗೆ ದುಡ್ಡೂ ಕೊಟ್ಟು ಉಡುಪಿಯ ಅಜ್ಜರಕಾಡು ಸರಕಾರಿ ಆಸ್ಪತ್ರೆಗೆ ಹೋಗಬೇಕು.

ಮೂರನೇ ಹೈಮಾಸ್ಟ್ ಬಿಟ್ಟು ಸಂಕಕ್ಕೆ ಎರಡೂ ಬದಿ ಕಬ್ಬಿಣದ ಪೈಪು ಹಾಕಿ ಎಂದು ಬರೆದು ಕೊಟ್ಟೆ. ಮೂರು ಸಭೆಯಲ್ಲಿ "ಮುಂದೂಡಲಾಗಿದೆ". ಆಗ ಗುಮಾಸ್ತರು ಇನ್ನೊಂದು ದಾರಿ ಹೇಳಿಕೊಟ್ಟರು: ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. 17ರಲ್ಲಿ ಮೂರನೇ ಒಂದು ಎಂದರೆ ಆರು ಜನ. ನಾವು ಐದು.

ಆರನೆಯ ಸಹಿ ಬಂದದ್ದು ಆಡಳಿತದ ಕಡೆಯಿಂದಲೇ. ಆ ಸದಸ್ಯೆಯ ಅತ್ತೆ ಅದೇ ಸಂಕದಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ನಾನು ಹೋಗಿ ಕೇಳಿದಾಗ ಅವಳು ಗಂಜಿ ಕುಡಿಸುತ್ತಿದ್ದಳು. ಹೆಚ್ಚು ಮಾತಾಡಲಿಲ್ಲ. ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. "ಪಕ್ಷದವರು ಬೈತಾರೆ ಅಕ್ಕ, ಬೈಯಲಿ" ಎಂದಳು. ಬೈದರು ಕೂಡ, ನಾನು ಕೇಳಿಸಿಕೊಂಡಿದ್ದೇನೆ.

ವಿಶೇಷ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ದಾಟುವವರ ಹೆಸರು ಮತ್ತು ವಯಸ್ಸು ಓದಿದೆ, ಅಷ್ಟೇ. ಓದುತ್ತಾ ಹೋದ ಹಾಗೆ ಒಬ್ಬೊಬ್ಬ ಸದಸ್ಯರ ಅಮ್ಮ, ದೊಡ್ಡಮ್ಮ, ಮಾವ ಬಂದರು. ಪೈಪಿಗೆ ಒಪ್ಪಿದರು. ಪಂಚಾಯತ್ ಮೆಟ್ಟಿಲ ಪಕ್ಕ ರ‍್ಯಾಂಪಿಗೂ ಒಪ್ಪಿದರು. ಒಂಟಿ ಮನೆಗಳಿಗೆ ತಿಂಗಳಿಗೊಮ್ಮೆ ಒಬ್ಬರು ಹೋಗಿ ವಿಚಾರಿಸಲಿ ಎಂದದ್ದಕ್ಕೆ ಮಾತ್ರ "ಅದಕ್ಕೆ ಖರ್ಚಿನ ಶೀರ್ಷಿಕೆ ಇಲ್ಲ". ಅಲ್ಲಿ ನಾನು ಸೋತೆ.

ಇನ್ನೊಂದು ಕಡೆಯೂ ಸೋತೆ. ಮಗ ಊಟ ಹಾಕದೆ ಹೊರಗಿಟ್ಟ ಒಬ್ಬ ತಾಯಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅರ್ಜಿ ಬರೆದೆ. ಅದನ್ನು ಎಸಿ, ಅಂದರೆ ಸಹಾಯಕ ಆಯುಕ್ತರ ಮುಂದೆ ಹಾಕಬೇಕು. ನಮ್ಮ ಜಿಲ್ಲೆಯವರಿಗೆ ಅವರ ಕಚೇರಿ ಕುಂದಾಪುರದಲ್ಲಿ. ಬಸ್ ಸ್ಟ್ಯಾಂಡಿನವರೆಗೆ ಬಂದ ಆ ತಾಯಿ ಅಲ್ಲೇ ನಿಂತರು. "ಮಗನ ಮೇಲೆ ಕೇಸಾ? ಬೇಡ. ಅವನಿಗೂ ಮದುವೆಗೆ ಬಂದ ಮಗಳಿದ್ದಾಳೆ." ಆ ಅರ್ಜಿ ಇನ್ನೂ ನನ್ನ ನೋಟ್‌ಬುಕ್ಕಿನ ಒಳಗಿದೆ.

ಸಂಕದ ಪೈಪಿಗೆ ಹಸಿರು ಬಣ್ಣ ಬಳಿದು ಅಧ್ಯಕ್ಷರ ಹೆಸರಿನ ಕಲ್ಲು ಹಾಕಿದರು. ಹಾಕಲಿ. ಉದ್ಘಾಟನೆಯ ಮರುದಿನ ಅದೇ 14 ತಿಂಗಳ ಅಜ್ಜಿ ಮನೆಗೆ ಬಂದರು, ಅಂಗೈಯೆಲ್ಲ ಹಸಿರು. ಹೇಗಿದೆ ಎಂದು ಕೇಳಿದೆ. "ಹಿಡೀಲಿಕ್ಕೆ ಒಳ್ಳೆದುಂಟು. ಆದ್ರೆ ಮಧ್ಯಾಹ್ನ ಸುಡ್ತದೆ ಮಗಾ. ಅದನ್ನೂ ಬರಿ" ಎಂದರು. ಬರೆದುಕೊಂಡೆ.