ಸುಮ್ನೆ ಬಿಟ್ಟರೆ ಬೀಳುತ್ತಿದ್ದ ಪಿಸಿ

ಹೊಸ ಪಿಸಿ ಜೋಡಿಸಿ, ಓಎಸ್ ಹಾಕಿ ಮೂರನೇ ದಿನಕ್ಕೇ ಕಾಟ ಶುರುವಾಯಿತು. ಒಮ್ಮೆ ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆ, ಇನ್ನೊಮ್ಮೆ ಹೇಳದೆ ಕೇಳದೆ ರೀಸ್ಟಾರ್ಟ್. ಗೊತ್ತಿದ್ದವರನ್ನು ಕೇಳಿದೆ. ಒಬ್ಬ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಡಬ್ಬ) ಹೋಗಿದೆ ಅಂದ, ಇನ್ನೊಬ್ಬ ಬೋರ್ಡ್ ವಾಪಸ್ ಕೊಡು ಅಂದ. ಬಯೋಸ್‌ನಲ್ಲೇ, ಅಂದರೆ ಬೋರ್ಡಿನ ಒಳಗಿನ ಸೆಟ್ಟಿಂಗ್‌ನಲ್ಲೇ ಏನೋ ಇದೆ ಅಂತ ನಾನು ಹೇಳಿದಾಗ ಇಬ್ಬರೂ ನಕ್ಕರು. ಕೊನೆಗೆ ಅಲ್ಲೇ ಸರಿಮಾಡಿ ಈಗ ನಾಲ್ಕು ತಿಂಗಳಾಯಿತು. ಬಿದ್ದಿರುವುದು ಒಂದೇ ಸಲ, ಅದೂ ನನ್ನ ತಪ್ಪಿಗೆ.

ಮೊದಲು ದುಡ್ಡು ಹಾಳು ಮಾಡಿದ್ದು ಹೇಳಿಬಿಡುತ್ತೇನೆ. ಮೂರು ಸಲ ಫಾರ್ಮ್ಯಾಟ್ ಹೊಡೆದೆ, ಅದಕ್ಕೆ ದುಡ್ಡು ಹೋಗಲಿಲ್ಲ, ಮೂರು ಭಾನುವಾರ ಹೋದವು. ಆಮೇಲೆ ಅವರ ಮಾತು ಕೇಳಿ 750 ವ್ಯಾಟ್ ಎಸ್‌ಎಂಪಿಎಸ್ ತಂದೆ. ಪ್ರೊಸೆಸರ್ ಬೆಲೆಯ ಅರ್ಧ ಅದಕ್ಕೇ ಹೋಯಿತು. ಹಾಕಿದ ರಾತ್ರಿಯೇ ಪಿಸಿ ಮತ್ತೆ ಬಿತ್ತು.

ನನ್ನನ್ನು ದಾರಿ ತಪ್ಪಿಸಿದ್ದು ಏನೆಂದರೆ, ಇದ್ದದ್ದು ಒಂದಲ್ಲ, ಎರಡು ತೊಂದರೆ. ನೀಲಿ ಪರದೆ ರ‍್ಯಾಮ್‌ನದು. ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಹಾಕಿ 3200ರ ವೇಗದಲ್ಲಿ ಓಡಿಸುತ್ತಿದ್ದೆ. ಪೆನ್‌ಡ್ರೈವ್‌ನಿಂದ ಓಡಿಸಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಮೊದಲ ಸುತ್ತಿನಲ್ಲಿ ಶುದ್ಧ, ಎರಡನೇ ಸುತ್ತಿನಲ್ಲಿ ಇಪ್ಪತ್ತು ಚಿಲ್ಲರೆ ತಪ್ಪು. ಮೊದಲ ಸುತ್ತಿಗೇ ಪೆನ್‌ಡ್ರೈವ್ ಕೀಳುವವರು ಇದನ್ನು ನೆನಪಿಟ್ಟುಕೊಳ್ಳಿ. ಒಂದೊಂದೇ ಸ್ಟಿಕ್ ಹಾಕಿದರೆ ನಾಲ್ಕು ಸುತ್ತೂ ಪಾಸು, ಜೊತೆಗಿಟ್ಟರೆ ಫೇಲು. 2933ಕ್ಕೆ ಇಳಿಸಿದೆ, ನೀಲಿ ಪರದೆ ನಿಂತಿತು. ಪ್ರೊಸೆಸರ್ ಕೂಲರ್‌ನ ಸ್ಕ್ರೂ ಜಾಸ್ತಿ ಬಿಗಿಯಾದರೂ ರ‍್ಯಾಮ್ ತರಲೆ ಮಾಡುತ್ತದೆ, ಹಾಗಾಗಿ ಅದನ್ನೂ ಅರ್ಧ ಸುತ್ತು ಸಡಿಲಿಸಿ ನೋಡಿದೆ. ನನ್ನ ವಿಷಯದಲ್ಲಿ ಅದರಿಂದ ಏನೂ ಆಗಲಿಲ್ಲ. ಈಗ ಮತ್ತೆ 3200ರಲ್ಲೇ ಓಡುತ್ತಿದೆ. ಹೇಗೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನನ್ನ ವೋಲ್ಟೇಜ್ ನಕಲು ಹೊಡೆದು ಯಾರೋ ಏನೋ ಸುಟ್ಟುಕೊಂಡರೆ ಬೈಗುಳ ನನಗೆ ತಾನೆ?

ಮುಗಿಯಿತು ಅಂದುಕೊಂಡೆ. ರೀಸ್ಟಾರ್ಟ್ ಮಾತ್ರ ನಿಲ್ಲಲಿಲ್ಲ. ವಿಂಡೋಸ್ ತನ್ನ ತಪ್ಪುಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲ ಅದೇ ಕರ್ನಲ್ ಪವರ್ 41, ಬಗ್‌ಚೆಕ್ ಕೋಡ್ 0. ಅಂದರೆ ನೀಲಿ ಪರದೆ ಬರೆಯುವಷ್ಟೂ ಪುರುಸೊತ್ತು ಸಿಕ್ಕಿಲ್ಲ. ಮಾನಿಟರ್ ಪಕ್ಕ ಒಂದು ಚೀಟಿ ಅಂಟಿಸಿದೆ. ಬಿದ್ದ ಹೊತ್ತು, ಆಗ ಏನು ಮಾಡುತ್ತಿದ್ದೆ, ಇಷ್ಟೇ ಬರೆಯುವುದು. ಹನ್ನೊಂದು ಸಾಲು ತುಂಬಿತು. ಅದರಲ್ಲಿ ಒಂಬತ್ತರ ಮುಂದೆ "ನಾನು ಇರಲಿಲ್ಲ" ಅಂತಲೇ ಇತ್ತು!

ಮೂರು ಗಂಟೆ ಗೇಮ್ ಆಡಿದರೂ ಬೀಳದ್ದು, ಟೀ ಕುಡಿದು ಬರುವಷ್ಟರಲ್ಲಿ ಬೀಳುತ್ತಿತ್ತು. ನಾವೆಲ್ಲ ಲೋಡ್ ಹಾಕಿ ಪರೀಕ್ಷೆ ಮಾಡುತ್ತೇವೆ, ಸುಮ್ನೆ ಬಿಟ್ಟು ಯಾರು ನೋಡುತ್ತಾರೆ? ಒಂದು ಉಪಾಯ ಹೊಳೆಯಿತು. ಪ್ರೊಸೆಸರ್‌ಗೆ ಬಿಡುವಿಲ್ಲದೆ ಲೆಕ್ಕ ಕೊಡುವ ಪ್ರೈಮ್ 95 ಅನ್ನು, ಅದು ಪೂರ್ತಿ ಖಾಲಿ ಕೂರದಷ್ಟಕ್ಕೆ, ಒಂದೇ ಥ್ರೆಡ್‌ನಲ್ಲಿ ಓಡಿಸಿ ಮಲಗಿದೆ. ಬೆಳಿಗ್ಗೆ ಪಿಸಿ ಹಾಗೇ ಇತ್ತು. ಎರಡನೇ ರಾತ್ರಿಯೂ ಹಾಗೇ. ಮೂರನೇ ರಾತ್ರಿ ಅದನ್ನು ನಿಲ್ಲಿಸಿ ಮಲಗಿದೆ. ಎದ್ದು ನೋಡಿದರೆ ಲಾಗಿನ್ ಪರದೆ ಕಾಯುತ್ತಿತ್ತು. ಅಂದರೆ ಪ್ರೊಸೆಸರ್ ಖಾಲಿ ಕೂತಾಗಲೇ ಬೀಳುತ್ತಿದೆ. ಪಿಸಿ ಬಿದ್ದಿದ್ದಕ್ಕೆ ನಾನು ಖುಷಿಪಟ್ಟಿದ್ದು ಅದೊಂದೇ ಸಲ.

ಆಮೇಲಿನ ಕೆಲಸ ಐದು ನಿಮಿಷದ್ದು, ಆ ಸೆಟ್ಟಿಂಗ್ ಹುಡುಕಲು ಮಾತ್ರ ಒಂದು ಗಂಟೆ ಹಿಡಿಯಿತು. ಬಯೋಸ್‌ನ ಅಡ್ವಾನ್ಸ್‌ಡ್ ಮೆನುವಿನಲ್ಲಿ ಎಲ್ಲೋ ಒಳಗೆ ಅಡಗಿತ್ತು. ಹೆಸರು ಪವರ್ ಸಪ್ಲೈ ಐಡಲ್ ಕಂಟ್ರೋಲ್. ಆಟೋ ಇದ್ದದ್ದನ್ನು ಟಿಪಿಕಲ್ ಕರೆಂಟ್ ಐಡಲ್ ಮಾಡಿದೆ, ಅಂದರೆ ಖಾಲಿ ಇದ್ದಾಗಲೂ ಪ್ರೊಸೆಸರ್ ಕರೆಂಟು ತೀರಾ ಕೆಳಗೆ ಇಳಿಯದ ಹಾಗೆ. ಎಲ್ಲ ಬೋರ್ಡ್‌ನಲ್ಲೂ ಇದು ಇರುವುದಿಲ್ಲ. ಇಲ್ಲದಿದ್ದರೆ ಸಿ-ಸ್ಟೇಟ್ (ಖಾಲಿ ಇದ್ದಾಗ ಪ್ರೊಸೆಸರ್ ನಿದ್ದೆ ಹೋಗುವ ವ್ಯವಸ್ಥೆ) ಆಫ್ ಮಾಡಿ ನೋಡಬಹುದು, ಕರೆಂಟು ಸ್ವಲ್ಪ ಜಾಸ್ತಿ ತಿನ್ನುತ್ತದೆ ಅಷ್ಟೆ. ನನ್ನದರಲ್ಲಿ ಖಾಲಿ ಇದ್ದಾಗ 45 ವ್ಯಾಟ್ ಆಸುಪಾಸು ತೋರಿಸುತ್ತಿದ್ದ ಮೀಟರ್ ಈಗ 50ರ ಹತ್ತಿರ ತೋರಿಸುತ್ತದೆ.

ನಡುವೆ ಬಿದ್ದದ್ದು ಬಯೋಸ್ ಅಪ್‌ಡೇಟ್ ಮಾಡಿದ ದಿನ. ಸೆಟ್ಟಿಂಗ್ ಎಲ್ಲ ಅಳಿಸಿ ಆಟೋಗೆ ಮರಳಿತ್ತು, ನಾನು ನೋಡಲಿಲ್ಲ. ಆ ರಾತ್ರಿಯೇ 41. ಈಗ ಬಯೋಸ್‌ನ ಒಂದೊಂದು ಪುಟದ ಫೋಟೋ ಫೋನಿನಲ್ಲಿದೆ. ಹಳೇ ಎಸ್‌ಎಂಪಿಎಸ್ ಮತ್ತೆ ಕೇಸಿನೊಳಗೆ ಬಂದಿದೆ, ಆರಾಮಾಗಿದೆ. 750 ವ್ಯಾಟಿನದು ಡಬ್ಬದಲ್ಲಿದೆ. ಯಾರಿಗಾದರೂ ಬೇಕಾದರೆ ಹೇಳಿ, ಬಿಲ್ ಇದೆ.