ಒಂದೇ ತಗಡು, ಮೂರು ಬಣ್ಣ: ಕೃಷ್ಣ ರೆಡ್ಡಿ ಕಲಿಸಿದ ದಾರಿಯಲ್ಲಿ ವಿಸ್ಕಾಸಿಟಿ ಪ್ರಿಂಟ್

ಇಂಕಿನ ಗಟ್ಟಿ-ಸಡಿಲಗಳ ವ್ಯತ್ಯಾಸ ಬಳಸಿ ಒಂದೇ ತಗಡಿನಿಂದ ಹಲವು ಬಣ್ಣ ಅಚ್ಚೊತ್ತುವ ವಿಧಾನವೇ ವಿಸ್ಕಾಸಿಟಿ ಪ್ರಿಂಟ್. ಅದು ಕೈಗೆ ಹತ್ತಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಂಕಿನಲ್ಲಲ್ಲ, ತಗಡಿನಲ್ಲಿ. ಜಿಂಕ್ ಪ್ಲೇಟನ್ನು ಕಾಗದದಂತೆ ಕಂಡು ಅದರ ಮೇಲೆ ಗೆರೆ ಎಳೆಯುತ್ತಾರೆ. ಈ ಕೆಲಸಕ್ಕೆ ಮೊದಲು ಬೇಕಾದದ್ದು ಆಳ. ತಗಡು ಒಂದು ತೆಳ್ಳನೆಯ ಉಬ್ಬುಶಿಲ್ಪ ಎಂದುಕೊಂಡು ಕೂತರೆ ಮಿಕ್ಕದ್ದೆಲ್ಲ ದಾರಿಗೆ ಬರುತ್ತದೆ.

ಈ ವಿಧಾನ ರೂಪುಗೊಂಡ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇದನ್ನು ಕಂಡುಕೊಂಡವರಲ್ಲಿ ಒಬ್ಬರಾದ ಕಲಾವಿದ ಕೃಷ್ಣ ರೆಡ್ಡಿ ಹುಟ್ಟಿದ್ದು 1925ರಲ್ಲಿ, ಚಿತ್ತೂರಿನ ಕಡೆಯ ನಂದನೂರಿನಲ್ಲಿ. ನಮ್ಮ ಕೋಲಾರದ ಗಡಿ ದಾಟಿದರೆ ಆ ಸೀಮೆ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರ ಬಳಿ ಕಲಿತರು. ಇಪ್ಪತ್ತರ ಹರೆಯದಲ್ಲೇ ಮದ್ರಾಸಿನ ಕಲಾಕ್ಷೇತ್ರದಲ್ಲಿ ಕಲಾ ವಿಭಾಗ ನೋಡಿಕೊಂಡರು. ಆಮೇಲೆ ಲಂಡನ್ನಿನ ಸ್ಲೇಡ್ ಶಾಲೆಗೆ ಹೋಗಿ ಹೆನ್ರಿ ಮೂರ್ ಅವರಲ್ಲಿ, ಪ್ಯಾರಿಸ್ಸಿನಲ್ಲಿ ಜಾಡ್ಕಿನ್ ಅವರಲ್ಲಿ, ಮಿಲಾನಿನಲ್ಲಿ ಮರೀನೊ ಮರೀನಿ ಅವರಲ್ಲಿ ಕಲಿತರು. ಮೂವರೂ ಶಿಲ್ಪಿಗಳು. ಪ್ಯಾರಿಸ್ಸಿನ ಪ್ರಿಂಟ್ ಕಾರ್ಯಾಗಾರ ಅಟೆಲಿಯೆ 17ರಲ್ಲಿ, ಅದರ ಸ್ಥಾಪಕ ಸ್ಟ್ಯಾನ್ಲಿ ವಿಲಿಯಂ ಹೇಟರ್ ಅವರ ಜೊತೆ ಸೇರಿ ತಗಡು ಹಿಡಿದಾಗ ರೆಡ್ಡಿಯವರದು ಶಿಲ್ಪ ಕಲಿತ ಕೈ. ಬ್ಯೂರಿನ್ (ಗೆರೆ ಕೊರೆಯುವ ಉಳಿ), ಸ್ಕ್ರೇಪರ್ (ಲೋಹ ಕೆರೆಯುವ ಅಲಗು), ಕರೆಂಟಿನ ಉಪಕರಣಗಳನ್ನೂ ಹಿಡಿದು ಅವರು ಲೋಹವನ್ನು ನೇರವಾಗಿ ಕೆತ್ತುತ್ತಿದ್ದರು. ಅಲ್ಲಿ ಅವರೂ ಮುಂಬೈಯಿಂದ ಬಂದಿದ್ದ ಕೈಕೋ ಮೋತಿಯವರೂ ಹೇಟರ್ ಜೊತೆ ಪ್ರಯೋಗ ಮಾಡುತ್ತ ಈ ವಿಧಾನವನ್ನು ಕಂಡುಕೊಂಡರು.

ಅದಕ್ಕೂ ಮೊದಲು ಬಣ್ಣದ ಎಚ್ಚಿಂಗ್ (ಆಸಿಡ್‌ನಿಂದ ಕೊರೆದ ತಗಡಿನ ಪ್ರಿಂಟ್) ಎಂದರೆ ಸಾಮಾನ್ಯವಾಗಿ ಬಣ್ಣಕ್ಕೊಂದು ಪ್ಲೇಟು. ಒಂದರ ಮೇಲೊಂದು ಸರಿಯಾಗಿ ಕೂರಿಸುವ ಪಾಡು ಬೇರೆ. ಇಲ್ಲಿ ಇರುವುದು ಒಂದೇ ಪ್ಲೇಟು, ಪ್ರೆಸ್ಸಿನಲ್ಲಿ ಒಂದೇ ಓಟ.

ಗುಟ್ಟು ಇಷ್ಟು. ಎಣ್ಣೆ ಹೆಚ್ಚಿರುವ ಸಡಿಲ ಇಂಕಿನ ಪದರದ ಮೇಲೆ ಗಟ್ಟಿ ಇಂಕಿನ ರೋಲರ್ ಹಾಯಿಸಿದರೆ ಗಟ್ಟಿ ಇಂಕು ಅಲ್ಲಿ ಅಂಟುವುದಿಲ್ಲ. ರೋಲರ್ ಮೇಲೇಳುವಾಗ ಎರಡು ಪದರಗಳಲ್ಲಿ ಸೀಳುವುದು ದುರ್ಬಲವಾದದ್ದು, ಅಂದರೆ ಸಡಿಲ ಇಂಕು. ಗಟ್ಟಿಯದು ರೋಲರಿನಲ್ಲೇ ಉಳಿಯುತ್ತದೆ. ಮೊದಲು ಗಟ್ಟಿಯದು, ಮೇಲೆ ಸಡಿಲದ್ದು ಹಾಕಿದರೆ ಎರಡೂ ಒಂದರ ಮೇಲೊಂದು ಕೂತು ಬೆರೆಯುತ್ತವೆ. ಇದಕ್ಕೆ ಜೊತೆಯಾಗಿ ರೋಲರಿನ ಗಡಸುತನ: ಗಟ್ಟಿ ರೋಲರ್ ಮೇಲಿನ ಮಟ್ಟವನ್ನಷ್ಟೇ ಮುಟ್ಟುತ್ತದೆ, ಮೆತ್ತನೆಯದು ಒತ್ತಿದಾಗ ಹಳ್ಳಕ್ಕೂ ಇಳಿಯುತ್ತದೆ.

ತಗಡು

ಮೊದಲ ಸಲಕ್ಕೆ 20 × 25 ಸೆಂ.ಮೀ. ಜಿಂಕ್ ಸಾಕು. ದಪ್ಪ 1.5 ಮಿ.ಮೀ. ಇರಲಿ, ಅದಕ್ಕಿಂತ ತೆಳುವಾದದ್ದರಲ್ಲಿ ಮೂರು ಮಟ್ಟ ಇಳಿಸುವಷ್ಟರಲ್ಲಿ ತೂತು ಬೀಳುತ್ತದೆ. ಅಂಚುಗಳನ್ನು ಅರದಿಂದ 45 ಡಿಗ್ರಿಗೆ ಓರೆಯಾಗಿ ಉಜ್ಜಿ, ಹಿಂಬದಿಗೆ ಪ್ಯಾಕಿಂಗ್ ಟೇಪನ್ನು ಒಂಚೂರೂ ಸಂದಿಯಿಲ್ಲದಂತೆ ಅಂಟಿಸಿ.

ಎತ್ತರದಲ್ಲೇ ಉಳಿಯಬೇಕಾದ ಜಾಗಕ್ಕೆ ಟರ್ಪೆಂಟೈನಿನಲ್ಲಿ ಕರಗಿಸಿದ ಬಿಟುಮೆನ್ ಬಳಿದು ಪೂರ್ತಿ ಒಣಗಿಸಿ. ಬಿಟುಮೆನ್ ಇಲ್ಲದ ಕಡೆ ಲೋಹ ಕರಗಿ ತಗ್ಗಾಗಲು ತಗಡನ್ನು ಆಸಿಡ್‌ನಲ್ಲಿ ಮುಳುಗಿಸಬೇಕು: ನೈಟ್ರಿಕ್ ಆಸಿಡ್ ಒಂದು ಪಾಲು, ನೀರು ಆರು ಪಾಲು. ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಗ್ಲೌಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಜಿಂಕ್ ಆಸಿಡ್‌ನಲ್ಲಿ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ವೇಗ ಏರುತ್ತದೆ. ಕಂದು ಹೊಗೆ ಕಂಡರೆ ಅದು ವಿಷ: ಉಸಿರಿಗೆ ತಾಗದಂತೆ ಪ್ಲೇಟನ್ನು ಹೊರತೆಗೆದು ತೊಳೆಯಿರಿ, ಆಸಿಡ್ ಆರಲಿ. ಗುಳ್ಳೆಗಳನ್ನು ಕೋಳಿಗರಿಯಿಂದ ಸವರುತ್ತಿರಬೇಕು, ಇಲ್ಲವಾದರೆ ಗುಳ್ಳೆ ಕೂತ ಕಡೆ ಲೋಹ ಕರಗದೆ ಹುಣ್ಣು ಹುಣ್ಣಾಗಿ ಉಳಿಯುತ್ತದೆ.

ನಿಮಿಷಗಳ ಲೆಕ್ಕ ನಂಬಬೇಡಿ. ತೊಳೆದು ಒರೆಸಿ, ಸೂಜಿಯ ಮೊನೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ನೋಡಿ. ಮೆಟ್ಟಿಲು ಇಳಿದಂತೆ ಸ್ಪಷ್ಟವಾಗಿ ತಟ್ಟಬೇಕು. ಸುಮಾರು ಅರ್ಧ ಮಿ.ಮೀ. ಇಳಿದ ಮೇಲೆ ನಡುವಿನ ಮಟ್ಟಕ್ಕೂ ಬಿಟುಮೆನ್ ಬಳಿದು ಉಳಿದದ್ದನ್ನು ಮತ್ತೆ ಇಳಿಸಿ. ಹೀಗೆ ಮೇಲಿನದು ಆಸಿಡ್ ಕಾಣದ್ದು, ನಡುವಿನದು ಒಮ್ಮೆ ಕಂಡದ್ದು, ತಳ ಎರಡು ಸಲ ಕಂಡದ್ದು. ತಗ್ಗುಗಳು ಕನಿಷ್ಠ ಬೆರಳಗಲ ಇರಲಿ. ಕಿರಿದಾದ ಹಳ್ಳಕ್ಕೆ ಎಷ್ಟು ಮೆತ್ತನೆಯ ರೋಲರೂ ಇಳಿಯುವುದಿಲ್ಲ, ಅಲ್ಲಿ ಬಿಳಿ ಕಾಗದವೇ ಕಾಣುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಪ್ರಿಂಟು ಭೂಪಟದಂತೆ ಬರುತ್ತದೆ: ಇಲ್ಲೊಂದು ಬಣ್ಣ, ಅಲ್ಲೊಂದು ಬಣ್ಣ, ನಡುವೆ ಗಡಿ. ಸ್ಕ್ರೇಪರ್ ಹಿಡಿದು ಮೆಟ್ಟಿಲುಗಳ ಅಂಚನ್ನು ಇಳಿಜಾರಾಗಿ ಕೆರೆಯಿರಿ, ಬ್ಯೂರಿನ್‌ನಿಂದ ಗೆರೆ ತೆಗೆಯಿರಿ. ರೆಡ್ಡಿಯವರ 1963ರ ‘ವರ್ಲ್‌ಪೂಲ್’ (ಸುಳಿ) ಪ್ರಿಂಟಿನ ಮುಂದೆ ನಿಂತವರು ಸುಳಿಯ ತಿರುವುಗಳನ್ನು ಹತ್ತಿರದಿಂದ ನೋಡಬೇಕು. ದೂರಕ್ಕೆ ಒಂದೇ ಬಣ್ಣವೆನಿಸಿದ್ದು ಹತ್ತಿರದಲ್ಲಿ ಬೇರೆ ಬೇರೆ ಬಣ್ಣದ ಚೂರುಗಳಾಗಿ ಒಡೆದು ಕಾಣುತ್ತದೆ. ಆ ಚೂರುಗಳು ಹುಟ್ಟುವುದು ಕೆತ್ತಿದ ಇಳಿಜಾರುಗಳಲ್ಲಿ.

ಇಂಕು

ಎಚ್ಚಿಂಗ್ ಇಂಕು, ಕಾಯಿಸದ ಅಗಸೆ ಎಣ್ಣೆ, ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. 20 ಗ್ರಾಂ ಇಂಕಿಗೆ 6 ಮಿ.ಲೀ. ಎಣ್ಣೆಯಿಂದ ಸಡಿಲ ಇಂಕು ಶುರು ಮಾಡಿ. ಸ್ಪ್ಯಾಚುಲಾ ಎತ್ತಿದರೆ ಜೇನಿನಂತೆ ಎಳೆಯಾಗಿ ಸುರಿಯಬೇಕು. ಗಟ್ಟಿ ಇಂಕಿಗೆ ಎಣ್ಣೆ ಬೇಡ, ಹೆಚ್ಚೆಂದರೆ ಒಂದೆರಡು ಹನಿ. ಅದು ಸ್ಪ್ಯಾಚುಲಾ ಬಿಟ್ಟು ಕದಲಬಾರದು; ಜಾರಿದರೆ ಪುಡಿ ಸೇರಿಸಿ ಚೆನ್ನಾಗಿ ಅರೆಯಿರಿ. ಕಾಯಿಸಿದ ಎಣ್ಣೆ ಬಳಸಿದರೆ ಇಂಕು ಅಂಟಂಟಾಗಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ತಗಡಿಗೆ ಹೋಗುವ ಮೊದಲು ಗಾಜಿನ ಮೇಲೆ ಪರೀಕ್ಷೆ. ಸಡಿಲ ಹಳದಿಯ ಒಂದು ಪಟ್ಟಿ ಎಳೆದು, ಅದನ್ನು ಅಡ್ಡ ಹಾಯುವಂತೆ ಗಟ್ಟಿ ನೀಲಿಯ ರೋಲರನ್ನು ಒಂದೇ ಸಲ ಓಡಿಸಿ. ಎರಡೂ ಕೂಡುವ ಚೌಕ ಹಳದಿಯಾಗೇ ಉಳಿದರೆ ಅಳತೆ ಸರಿ. ಹಸಿರಾದರೆ ಹಳದಿಗೆ ಎಣ್ಣೆ ಸಾಲದು. ಚೌಕ ಬೋಳಾಗಿ, ನೀಲಿ ರೋಲರಿನಲ್ಲಿ ಹಳದಿ ಹತ್ತಿದರೆ ಎಣ್ಣೆ ಮೀರಿದೆ, ಇಲ್ಲವೇ ಪದರ ದಪ್ಪವಾಗಿದೆ. ಬೇಸಿಗೆಯ ಮಧ್ಯಾಹ್ನ ಇಂಕು ತಾನೇ ಸಡಿಲಗೊಳ್ಳುತ್ತದೆ. ಬೆಳಗ್ಗೆ ಹೊಂದಿದ ಅಳತೆ ಊಟದ ನಂತರ ಹೊಂದಲಾರದು, ಮತ್ತೆ ಪರೀಕ್ಷಿಸಿ. ಹೊಸಬರಿಗೆ ಕಲಿಸುವವರು ಮೊದಲ ದಿನವನ್ನು ಈ ಗಾಜಿನ ಚೌಕಕ್ಕೇ ಕೊಡಬೇಕು. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಮುಂದೆ ಸೂತ್ರ ಬಾಯಿಪಾಠ ಮಾಡಿಸಬೇಕಾಗಿಲ್ಲ.

ರೋಲರ್ ಎರಡು: ರಬ್ಬರಿನ ಗಡಸುತನ ಹೇಳುವ ಶೋರ್ ಅಳತೆಯಲ್ಲಿ 50–60ರ ಗಟ್ಟಿಯದು, 20–25ರ ಮೆತ್ತನೆಯದು. ಒಂದೇ ಸುತ್ತಿನಲ್ಲಿ ಪ್ಲೇಟಿನ ಉದ್ದ ಮುಗಿಯಬೇಕು. 25 ಸೆಂ.ಮೀ.ಗೆ ವ್ಯಾಸ 8 ಸೆಂ.ಮೀ.ಗೆ ಕಡಿಮೆಯಿರಬಾರದು. ಸಣ್ಣ ರೋಲರ್ ಎರಡನೇ ಸುತ್ತು ಶುರು ಮಾಡುವ ಜಾಗದಲ್ಲಿ ಅಡ್ಡಗೆರೆ ಬೀಳುತ್ತದೆ, ಅದನ್ನು ಮರೆಮಾಡಲು ಯಾವ ಉಪಾಯವೂ ಇಲ್ಲ. ಆದ್ದರಿಂದ ಇರುವ ರೋಲರಿಗೆ ತಕ್ಕಂತೆ ತಗಡು ಕತ್ತರಿಸಿ.

ಒಂದು ಪ್ರಿಂಟು

ಕಾಗದ 300 ಜಿಎಸ್‌ಎಂ ಹತ್ತಿಯದು. ಒಂದು ಗಂಟೆ ನೆನೆಸಿ, ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು ಹೊಳಪು ಹೋಗುವವರೆಗೆ ಒತ್ತಿ. ಮೊದಲು ಕಪ್ಪು ಇಂಕನ್ನು ರಟ್ಟಿನ ತುಂಡಿನಿಂದ ಗೆರೆಗಳಿಗೆಲ್ಲ ತುಂಬಿ, ಗಂಜಿ ಹಾಕಿದ ಬಲೆಬಟ್ಟೆಯಿಂದ ದುಂಡಗೆ ಒರೆಸಿ, ಕೊನೆಗೆ ತೆಳು ಕಾಗದ ಹರಡಿ ಅಂಗೈಯಿಂದ ಸವರಿ. ಎತ್ತರದ ಮಟ್ಟದಲ್ಲಿ ಕಪ್ಪಿನ ಪೊರೆ ಉಳಿದರೆ ಮುಂದಿನ ಬಣ್ಣಗಳೆಲ್ಲ ಕೊಳೆಯಾಗುತ್ತವೆ.

ಈಗ ಗಟ್ಟಿ ರೋಲರಿನಲ್ಲಿ ಸಡಿಲ ಇಂಕು, ಒತ್ತಡ ಹಾಕದೆ ಒಂದೇ ಸಲ. ಆಮೇಲೆ ಮೆತ್ತನೆಯ ರೋಲರಿನಲ್ಲಿ ಗಟ್ಟಿ ಇಂಕು, ಚೆನ್ನಾಗಿ ಒತ್ತಿ, ನಿಧಾನಕ್ಕೆ ಒಂದೇ ಸಲ. ‘ಇನ್ನೊಮ್ಮೆ ಹಾಯಿಸಿದರೆ ಚೆನ್ನಾಗಿ ಬರುತ್ತೆ’ ಎಂಬ ಆಸೆಗೆ ಬೀಳಬೇಡಿ. ಎರಡನೇ ಸಲ ಹೋಗುವ ರೋಲರ್ ಆಗಲೇ ಮೊದಲ ಬಣ್ಣ ಹೊತ್ತಿರುತ್ತದೆ, ಅದನ್ನೇ ತಗ್ಗಿಗೆ ಮೆತ್ತುತ್ತದೆ. ಪ್ರತಿ ಪ್ರಿಂಟಿಗೂ ಎರಡೂ ರೋಲರ್ ಒರೆಸಿ ಹೊಸದಾಗಿ ಇಂಕು ಹಚ್ಚಬೇಕು.

ಪ್ಲೇಟು ಆಳವಿರುವುದರಿಂದ ಮಾಮೂಲಿಗಿಂತ ಒಂದು ಫೆಲ್ಟ್ (ಕಾಗದದ ಮೇಲೆ ಹಾಸುವ ಉಣ್ಣೆ ಹೊದಿಕೆ) ಹೆಚ್ಚು ಹಾಕಿ ಪ್ರೆಸ್ ಬಿಗಿ ಮಾಡಿ. ಕಾಗದ ಹರಿದರೆ ಎಲ್ಲೋ ಒಂದು ಅಂಚು ಚೂಪಾಗಿದೆ. ಬೆರಳಿಂದ ಹುಡುಕಿ ಉಜ್ಜಿ. ಕೆಲವು ದಿನದ ಮೇಲೆ ಬಣ್ಣದ ಸುತ್ತ ಹಳದಿ ಎಣ್ಣೆಯ ವರ್ತುಲ ಕಂಡರೆ ಸಡಿಲ ಇಂಕಿನಲ್ಲಿ ಎಣ್ಣೆ ಅತಿಯಾಗಿತ್ತು.

ಹೊಂದಿಕೆ ಸಿಕ್ಕಮೇಲೆ ಕ್ರಮವನ್ನು ಅದಲುಬದಲು ಮಾಡಿ: ಮೆತ್ತನೆಯ ರೋಲರಿನಲ್ಲಿ ಗಟ್ಟಿ ಇಂಕು ಮೊದಲು, ಗಟ್ಟಿ ರೋಲರಿನಲ್ಲಿ ಸಡಿಲದ್ದು ಆಮೇಲೆ. ಈಗ ಎತ್ತರದಲ್ಲಿ ಎರಡೂ ಬೆರೆತು ಮೂರನೇ ಬಣ್ಣ. ಅದೇ ತಗಡು, ಅದೇ ಇಂಕು, ಬೇರೆಯೇ ಚಿತ್ರ.

ಕಲಿಸುವವರಿಗೆ

1960ರ ದಶಕದಲ್ಲಿ ಅಟೆಲಿಯೆ 17ರ ಸಹನಿರ್ದೇಶಕರಾದ ರೆಡ್ಡಿ, 1970ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಿಂಟ್‌ಮೇಕಿಂಗ್ ಕಲಿಸಿದರು. 2018ರಲ್ಲಿ ತೀರಿಕೊಂಡದ್ದೂ ಆ ಊರಲ್ಲೇ. ಲೋಹ, ಎಣ್ಣೆ, ರಬ್ಬರ್ ಹೇಗೆ ನಡೆದುಕೊಳ್ಳುತ್ತವೆ ಎಂಬುದರಿಂದಲೇ ಪಾಠ ಶುರುವಾಗಬೇಕು ಎಂಬುದನ್ನು ಅವರ ತಗಡುಗಳಿಂದಲೇ ಕಲಿಯಬಹುದು.

ಶಾಲೆಗಳಲ್ಲಿ ಆಸಿಡ್ ಬೇಡವೇ ಬೇಡ. 15 ಸೆಂ.ಮೀ. ಚೌಕದ ಮೌಂಟ್‌ಬೋರ್ಡ್ ಮೇಲೆ ರಟ್ಟಿನ ತುಂಡುಗಳನ್ನು ಫೆವಿಕಾಲ್‌ನಿಂದ ಅಂಟಿಸಿ ಮೂರು ಮಟ್ಟ ಕಟ್ಟಿ, ವಾರ್ನಿಶ್ ಎರಡು ಕೋಟು ಕೊಟ್ಟು ಒಂದು ರಾತ್ರಿ ಒಣಗಿಸಿದರೆ ಹತ್ತಾರು ಪ್ರಿಂಟಿಗೆ ಬಾಳುತ್ತದೆ. ನಾಲ್ವರ ತಂಡ ಮಾಡಿ: ಒಬ್ಬರು ಇಂಕು ಒರೆಸಲು, ಇಬ್ಬರು ರೋಲರಿಗೆ, ಇನ್ನೊಬ್ಬರು ಕಾಗದಕ್ಕೆ. ಕಾಗದದವರು ಇಂಕು ಮುಟ್ಟಲೇಕೂಡದು.

ಕೆಲಸ ಮುಗಿದಾಗ ಪ್ಲೇಟಿಗೂ ರೋಲರಿಗೂ ಮೊದಲು ಅಡುಗೆ ಎಣ್ಣೆ ಸವರಿ ಇಂಕು ಬಿಡಿಸಿ, ಆಮೇಲೆ ಬಟ್ಟೆಗೆ ಒಂಚೂರು ಸೀಮೆಎಣ್ಣೆ ಹಾಕಿ ಒರೆಸಿ. ಮೆತ್ತನೆಯ ರೋಲರನ್ನು ಮೇಜಿನ ಮೇಲೆ ಮಲಗಿಸಿ ಹೋದರೆ ಬೆಳಗಾಗುವಷ್ಟರಲ್ಲಿ ರಬ್ಬರ್ ಚಪ್ಪಟೆಯಾಗುತ್ತದೆ. ಹಿಡಿಕೆಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತೂಗುಹಾಕಿ.